ಮುಂಬಯಿ ಗಿರಣಿಗಳಲ್ಲಿ ವಾರದ ರಜೆ

ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಕೆಲಸದ ಅವಧಿಯನ್ನು ಸೂರ್ಯನೇ ನಿರ್ಧರಿಸುತ್ತಿದ್ದನು. ನಸುಕಿನಲ್ಲಿ ಆರಂಭವಾದ ದುಡಿಮೆ ಕತ್ತಲಾಗುವವರೆಗೆ ನಡೆಯುತ್ತಿದ್ದುದರಿಂದ ಬೇಸಿಗೆಯಲ್ಲಿ ಅದು ಇನ್ನಷ್ಟು ದೀರ್ಘವಾಗುತ್ತಿತ್ತು, ಯಂತ್ರಗಳು ನಿಂತ ದಿನವೂ ಅವುಗಳನ್ನು ಒರೆಸಿ ಶುಚಿಗೊಳಿಸಲು ಕಾರ್ಮಿಕರನ್ನು ಕರೆಸಿಕೊಳ್ಳುವುದಿತ್ತು. 1881ರ ಕಾರ್ಖಾನೆ ಕಾಯಿದೆಯು 7ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9 ಗಂಟೆಗಳ ಮಿತಿಯನ್ನೂ ತಿಂಗಳಿಗೆ 4 ರಜೆಗಳನ್ನೂ ವಿಧಿಸಿತಾದರೂ ವಯಸ್ಕರ ಬಗ್ಗೆ ಮೌನವಾಗಿತ್ತು.

ಜ್ಯೋತಿರಾವ್ ಫುಲೆಯವರು ಜಾತಿ ಅಸಮಾನತೆಯ ವಿರುದ್ಧ ಸ್ಥಾಪಿಸಿದ ಸತ್ಯಶೋಧಕ ಸಮಾಜದಲ್ಲಿ ಬೆಳೆದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಸುಮಾರು 5,500 ಕಾರ್ಮಿಕರ ಸಹಿಯುಳ್ಳ ಮನವಿಯನ್ನು ಸಿದ್ಧಪಡಿಸಿದರು. ಭಾನುವಾರದ ರಜೆ, ನಡುಹಗಲಿನಲ್ಲಿ ಅರ್ಧ ಗಂಟೆಯ ಬಿಡುವು, ಬೆಳಿಗ್ಗೆ ಆರೂವರೆಗೆ ಆರಂಭ, ಸೂರ್ಯಾಸ್ತಕ್ಕೆ ಮುಕ್ತಾಯ: ದುಡಿಮೆಯ ಅವಧಿಯ ಬಗ್ಗೆ ಕೇಳಿದ್ದು ಇಷ್ಟೇ, ಅಂದರೆ ಬೇಡಿಕೆ ಈಡೇರಿದರೂ ದಿನವು ಹಗಲಿನಷ್ಟೇ ಉದ್ದವಾಗಿ ಉಳಿಯುತ್ತಿತ್ತು. 1890ರ ಜೂನ್‌ನಲ್ಲಿ ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾಯಿದೆ ಅದನ್ನು ಶಾಸನಬದ್ಧಗೊಳಿಸಿತು. ಈ ಶಾಸನಗಳ ಹಿಂದೆ ಅಗ್ಗದ ಭಾರತೀಯ ನೂಲಿಗೆ ಬೆದರಿದ ಲ್ಯಾಂಕಾಶೈರ್‌ನ ಬಟ್ಟೆ ಉದ್ಯಮಿಗಳ ಒತ್ತಡವೂ ಇದ್ದುದರಿಂದ ಅವುಗಳನ್ನು ಕೇವಲ ಕರುಣೆಯ ಫಲವೆಂದು ಭಾವಿಸಲಾಗದು.

ರಜೆ ದೊರೆತರೂ ದಿನ ಕುಗ್ಗಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಿರಣಿಗಳಿಗೆ ಬಂದ ವಿದ್ಯುದ್ದೀಪಗಳು ಸೂರ್ಯಾಸ್ತದ ಎಲ್ಲೆಯನ್ನೂ ಅಳಿಸಿಹಾಕಿದವು. ವಾರದ ಒಟ್ಟು ದುಡಿಮೆಗೆ 60 ಗಂಟೆಗಳ ಮಿತಿ 1922ರಲ್ಲಷ್ಟೇ ಬಂದಿತು, 1934ರ ಕಾಯಿದೆ ಅದನ್ನು 54ಕ್ಕೂ 1946ರ ತಿದ್ದುಪಡಿ 48ಕ್ಕೂ ಇಳಿಸಿದವು.