ವಿರಿಯಾಮು: ಗುರುಗಳು ಬರೆದಿಟ್ಟ ಹೆಸರುಗಳು

ಡಿಸೆಂಬರ್ 28ರಂದು ಧರ್ಮಸಭೆಯು ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ಮುಗ್ಧ ಮಕ್ಕಳನ್ನು ಸ್ಮರಿಸುತ್ತದೆ. ಆ ಕೂಸುಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಹಾಗಾಗಲು ಕೆಲವು ಗುರುಗಳು ಬಿಡಲಿಲ್ಲ.

1961ರಲ್ಲಿ ಗೋವೆಯನ್ನು ಕಳೆದುಕೊಂಡ ಪೋರ್ಚುಗೀಸರು ಮೊಜಾಂಬಿಕ್ ಬಿಡಲು ಒಪ್ಪಲಿಲ್ಲ. ಅಲ್ಲಿನ ಫ್ರೆಲಿಮೊ ಸಂಘಟನೆ 1964ರಲ್ಲಿ ಬಂದೂಕು ಹಿಡಿಯಿತು. ಧರ್ಮಸಭೆಯ ಪಾಡು ಇಕ್ಕಟ್ಟಿನದು. 1940ರ ಒಪ್ಪಂದದಂತೆ ಮಿಷನ್ನುಗಳಿಗೆ ಪೋರ್ಚುಗಲ್ ಸರ್ಕಾರವೇ ಹಣ ಕೊಡುತ್ತಿತ್ತು. ಉಣಿಸುವ ಕೈಯನ್ನು ಖಂಡಿಸುವುದು ಸುಲಭವೇ? ಬಹುತೇಕ ಧರ್ಮಾಧ್ಯಕ್ಷರು ಮೌನವಾಗಿದ್ದರು. ಆದರೆ 1970ರ ಜುಲೈ 1ರಂದು ಪೋಪ್ ಆರನೇ ಪೌಲರು ಪೋರ್ಚುಗೀಸ್ ವಸಾಹತುಗಳ ಮೂವರು ವಿಮೋಚನಾ ನಾಯಕರಿಗೆ ದರ್ಶನವಿತ್ತರು. ಸಿಟ್ಟಿಗೆದ್ದ ಪೋರ್ಚುಗಲ್ ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ಮರುವರ್ಷ ವೈಟ್ ಫಾದರ್ಸ್ ಸಭೆಯವರು ಸರ್ಕಾರದೊಂದಿಗಿನ ಈ ನಂಟನ್ನು ಪ್ರತಿಭಟಿಸಿ ಮೊಜಾಂಬಿಕ್ ಬಿಟ್ಟು ಹೊರಟರು.

ಉಳಿದವರಲ್ಲಿ ಸ್ಪೇನಿನ ಬುರ್ಗೋಸ್ ಸಭೆಯ ಗುರುಗಳಿದ್ದರು. 1972ರ ಡಿಸೆಂಬರ್ 16, ಆಗಮನ ಕಾಲದ ಶನಿವಾರ. ತೇತೆ ಪಟ್ಟಣದ ಬಳಿಯ ವಿರಿಯಾಮು ಮತ್ತು ನೆರೆಯ ಹಳ್ಳಿಗಳಿಗೆ ಪೋರ್ಚುಗೀಸ್ ಕಮಾಂಡೋಗಳು ನುಗ್ಗಿ, ಹೆಂಗಸರು ಹಸುಗೂಸುಗಳೆನ್ನದೆ ಸುಮಾರು 400 ಮಂದಿಯನ್ನು ಕೊಂದರು. ಗುಡಿಸಲುಗಳಲ್ಲಿ ಕೂಡಿಹಾಕಿ ಬೆಂಕಿಯಿಟ್ಟರು. ಬದುಕುಳಿದವರನ್ನು ಕೇಳಿ ಕೇಳಿ ಗುರುಗಳು ಸತ್ತವರ ಹೆಸರುಗಳನ್ನು ಪಟ್ಟಿ ಮಾಡಿದರು. ಆ ವರದಿ ಇಂಗ್ಲಿಷ್ ಗುರು ಏಡ್ರಿಯನ್ ಹೇಸ್ಟಿಂಗ್ಸರ ಕೈಸೇರಿ, 1973ರ ಜುಲೈ 10ರಂದು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪೋರ್ಚುಗಲ್ ಪ್ರಧಾನಿ ಕಯೆತಾನೊ ಲಂಡನ್ನಿಗೆ ಬರಲು ಕೆಲವೇ ದಿನಗಳಿದ್ದವು! ಅಂಥ ಹಳ್ಳಿಯೇ ಇಲ್ಲವೆಂಬ ವಾದ ಹೊರಟಿತು. ಇಲ್ಲದ ಊರಿನಲ್ಲಿ ಸತ್ತವರಿಗೆ ಇಷ್ಟೊಂದು ಹೆಸರುಗಳು ಎಲ್ಲಿಂದ ಬಂದವು? ಲಂಡನ್ನಿನ ಬೀದಿಗಳಲ್ಲಿ ಪ್ರತಿಭಟನೆಗಳಾದವು. ಆ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ತನಿಖಾ ಆಯೋಗ ರಚಿಸಲು ತೀರ್ಮಾನಿಸಿತು.

ಈ ವರದಿಯೊಂದೇ ಸಾಮ್ರಾಜ್ಯವನ್ನು ಉರುಳಿಸಿತು ಎನ್ನಲಾಗದು. 1974ರ ಏಪ್ರಿಲ್ 25ರಂದು ಲಿಸ್ಬನ್ನಿನ ಸರ್ಕಾರವನ್ನು ಕಿತ್ತೊಗೆದವರು ಯುದ್ಧದಿಂದ ಬೇಸತ್ತ ಅದರ ಸೇನಾಧಿಕಾರಿಗಳೇ. ಅದಕ್ಕೆ ಕೆಲವೇ ದಿನ ಮೊದಲು ನಂಪುಲದ ಧರ್ಮಾಧ್ಯಕ್ಷ ಮಾನುವೆಲ್ ವಿಯೇರ ಪಿಂಟೊ ಅವರನ್ನು ಮೊಜಾಂಬಿಕ್‌ನಿಂದ ಹೊರಹಾಕಲಾಗಿತ್ತು; ಅವರೂ ಬಾಯಿಬಿಟ್ಟಿದ್ದರು. 1975ರ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾಯಿತು.

ಹೊಸ ಸರ್ಕಾರ ಧರ್ಮಸಭೆಗೆ ಮಿತ್ರನೇನೂ ಆಗಲಿಲ್ಲ. ಒಂದೇ ತಿಂಗಳಲ್ಲಿ ಮಿಷನ್ ಶಾಲೆ, ಆಸ್ಪತ್ರೆಗಳನ್ನು ರಾಷ್ಟ್ರೀಕರಿಸಿತು. ವಿರಿಯಾಮುವಿನ ಮಾತಿಗೆ ಬಂದರೆ, ಪೋರ್ಚುಗಲ್ಲಿನ ಪ್ರಧಾನಿಯೊಬ್ಬರು ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2022ರ ಸೆಪ್ಟೆಂಬರಿನಲ್ಲಿ.