ಓಟಿಪಿ ಹೇಳದಿದ್ದರೆ ದುಡ್ಡು ಭದ್ರವೇ? ಹೆಬ್ಬೆಟ್ಟಿನ ಲೆಕ್ಕ ಬೇರೆ

ನಂಬಿಕೆ: ಓಟಿಪಿ, ಪಿನ್ ಯಾರಿಗೂ ಹೇಳದಿದ್ದರೆ ಖಾತೆಯ ಹಣಕ್ಕೆ ಯಾವ ಅಪಾಯವೂ ಇಲ್ಲ.

ನಿಜ: ಅರ್ಧ ಮಾತ್ರ ನಿಜ. ಆಧಾರ್ ಜೋಡಣೆಯಾದ ಖಾತೆಯಿಂದ ಬೆರಳಚ್ಚಿನ ಮೂಲಕ ಹಣ ತೆಗೆಯುವಾಗ ಓಟಿಪಿ ಕೇಳುವುದಿಲ್ಲ, ಪಿನ್ ಕೇಳುವುದಿಲ್ಲ, ಕಾರ್ಡೂ ಬೇಕಿಲ್ಲ.

"ಓಟಿಪಿ ಹೇಳಬೇಡಿ" ಎಂಬ ಸಂದೇಶ ಬಾರದ ವಾಟ್ಸ್‌ಆ್ಯಪ್ ಗುಂಪು ಬಹುಶಃ ಇಲ್ಲ. ಸಲಹೆ ಸರಿಯಾಗಿಯೇ ಇದೆ, ಅದನ್ನು ಪಾಲಿಸಿ. ಆದರೆ ಅಷ್ಟಕ್ಕೇ ನಿಶ್ಚಿಂತೆಯಾಗಿ ಕೂತರೆ ಇನ್ನೊಂದು ಬಾಗಿಲು ತೆರೆದೇ ಉಳಿಯುತ್ತದೆ. ಆ ಬಾಗಿಲು ಯಾವುದು, ಅದರ ಕೀಲಿ ಯಾರ ಕೈಯಲ್ಲಿರುತ್ತದೆ, ಅದನ್ನು ಕಾಯುವ ಹೊಣೆ ಯಾರದು ಎಂಬುದನ್ನು ಇಲ್ಲಿ ನೋಡೋಣ.

ಹೆಬ್ಬೆಟ್ಟಿಟ್ಟರೆ ದುಡ್ಡು ಬರುವುದು ಹೇಗೆ?

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಚಿಂತಾಕಿಯಂಥ ಊರಿನ ಉದಾಹರಣೆ ತೆಗೆದುಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿಯೋ, ವೃದ್ಧಾಪ್ಯ ಪಿಂಚಣಿಯೋ ಖಾತೆಗೆ ಜಮೆಯಾಗಿರುತ್ತದೆ. ಅಷ್ಟು ತೆಗೆಯಲು ಬಸ್ ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗುವುದು ವಯಸ್ಸಾದವರಿಗೆ ಕಷ್ಟ. ಊರಲ್ಲೇ ಬ್ಯಾಂಕ್ ಮಿತ್ರ ಇದ್ದರೆ ಕೆಲಸ ಸುಲಭ. ಆಧಾರ್ ಸಂಖ್ಯೆ ಹೇಳಿ, ಬ್ಯಾಂಕಿನ ಹೆಸರು ಹೇಳಿ, ಸಣ್ಣ ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ಬೆರಳಚ್ಚು ಆಧಾರ್ ದಾಖಲೆಗೆ ಹೊಂದಿದರೆ ಬ್ಯಾಂಕು ಹಣ ಕಡಿತ ಮಾಡುತ್ತದೆ, ಮಿತ್ರ ನಗದು ಎಣಿಸಿ ಕೊಡುತ್ತಾರೆ.

ಇದರ ಹೆಸರು ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ರಾಷ್ಟ್ರೀಯ ಪಾವತಿ ನಿಗಮ ಇದನ್ನು ನಡೆಸುತ್ತದೆ. ಒಂದು ಸಲಕ್ಕೆ ಗರಿಷ್ಠ 10,000 ರೂಪಾಯಿ ತೆಗೆಯಬಹುದು. ಓದು ಬಾರದವರಿಗೆ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಇದು ನಿಜಕ್ಕೂ ಉಪಕಾರಿ. ಆದ್ದರಿಂದ "ಎಇಪಿಎಸ್ ಮೋಸ, ಬಳಸಬೇಡಿ" ಎನ್ನುವುದು ನಮ್ಮ ಉದ್ದೇಶವಲ್ಲ. ಅದು ನಿಂತಿರುವುದು ಮಾತ್ರ ಒಂದೇ ಆಧಾರದ ಮೇಲೆ: ಆ ಬೆರಳು ನಿಮ್ಮದೇ ಆಗಿರಬೇಕು, ನೀವೇ ಅಲ್ಲಿ ಇರಬೇಕು.

ಗುರುತು ಬೇರೆ, ಗುಟ್ಟು ಬೇರೆ

ಪಾಸ್‌ವರ್ಡ್ ಒಂದು ಗುಟ್ಟು. ಅದು ನಿಮಗೆ ಮಾತ್ರ ಗೊತ್ತಿರುತ್ತದೆ, ಸೋರಿದರೆ ಬದಲಾಯಿಸಬಹುದು. ಬೆರಳಚ್ಚು ಒಂದು ಗುರುತು. ಅದನ್ನು ನೀವು ದಿನವೂ ಲೋಟದ ಮೇಲೆ, ಮೊಬೈಲಿನ ಗಾಜಿನ ಮೇಲೆ, ಕಾಗದಗಳ ಮೇಲೆ ಬಿಟ್ಟು ಬರುತ್ತೀರಿ. ಸೋರಿದರೆ ಬದಲಾಯಿಸಲು ಇನ್ನೊಂದು ಹೆಬ್ಬೆರಳು ಹುಟ್ಟುವುದಿಲ್ಲ. ಮುಖ, ಹೆಸರು, ಹುಟ್ಟಿದ ದಿನಾಂಕ, ಆಧಾರ್ ಸಂಖ್ಯೆ ಇವೂ ಗುರುತುಗಳೇ ಹೊರತು ಗುಟ್ಟುಗಳಲ್ಲ.

ಗುರುತನ್ನು ಗುಟ್ಟಿನಂತೆ ಬಳಸಿದ ಕಡೆಯಲ್ಲೆಲ್ಲ ತೊಂದರೆ ಶುರುವಾಗುತ್ತದೆ. ಬೆರಳಚ್ಚಿನ ನಕಲು ಮಾಡಬಹುದು ಎಂಬುದು ಹೊಸ ವಿಷಯವಲ್ಲ. ಜಪಾನಿನ ಯೋಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲೇ ಜೆಲಾಟಿನ್‌ನಿಂದ ಮಾಡಿದ ನಕಲಿ ಬೆರಳುಗಳು ಆಗಿನ ಹಲವು ಯಂತ್ರಗಳನ್ನು ಮೋಸಗೊಳಿಸುತ್ತವೆ ಎಂದು ತೋರಿಸಿದ್ದರು.

ನಮ್ಮಲ್ಲೇ ನಡೆದದ್ದು

ಮೊದಲ ಎಚ್ಚರಿಕೆ ಬಂದದ್ದು ಪಕ್ಕದ ತೆಲಂಗಾಣದಿಂದ. 2018ರಲ್ಲಿ ಪೆದ್ದಪಲ್ಲಿ ಜಿಲ್ಲೆಯ ಒಬ್ಬ ಸಿಮ್ ಮಾರಾಟಗಾರ, ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಆಸ್ತಿ ಪತ್ರಗಳಿಂದ ಜನರ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ತೆಗೆದು, ರಬ್ಬರ್ ಸ್ಟ್ಯಾಂಪಿನಂತೆ ನಕಲು ಮಾಡಿ, ಅವರ ಹೆಸರಲ್ಲಿ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದ. ಮಾರಾಟದ ಗುರಿ ಮುಟ್ಟುವುದಕ್ಕಾಗಿ ಹೀಗೆ ಮಾಡಿದ್ದು ತನಿಖೆಯಲ್ಲಿ ಹೊರಬಂತು.

ಐದು ವರ್ಷದ ಬಳಿಕ ಅದೇ ದಾರಿ ಕರ್ನಾಟಕದಲ್ಲಿ ಕಂಡಿತು. 2023ರಲ್ಲಿ ಬೆಂಗಳೂರೂ ಸೇರಿ ಹಲವೆಡೆ ಜನ ಒಂದೇ ಬಗೆಯ ದೂರು ತಂದರು: ಓಟಿಪಿ ಬಂದಿಲ್ಲ, ಯಾರ ಕರೆಯೂ ಬಂದಿಲ್ಲ, ಖಾತೆಯಿಂದ ಹಣ ಹೋಗಿದೆ. ಅವರಲ್ಲಿ ಹಲವರು ಸ್ವಲ್ಪ ದಿನದ ಹಿಂದೆ ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದವರು. ನೋಂದಣಿ ಪತ್ರದಲ್ಲಿ ಭಾವಚಿತ್ರ, ಸಹಿಯ ಜೊತೆ ಹೆಬ್ಬೆಟ್ಟಿನ ಗುರುತೂ ಇರುತ್ತದೆ. ಆ ಪತ್ರಗಳ ಪ್ರತಿ ಆನ್‌ಲೈನ್‌ನಲ್ಲಿ ಸಿಗುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರು ಪೊಲೀಸರು ಬಿಹಾರದ ಆರೋಪಿಗಳನ್ನು ಬಂಧಿಸಿದರು. ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಚುವ ಕ್ರಮವನ್ನು ಸರ್ಕಾರ ಕೈಗೊಂಡಿತು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಜನರಿಗೆ ಹೇಳಿದರು.

ಒಂದು ಮಾತು ಗಮನಿಸಿ. ಆಸ್ತಿ ಪತ್ರ ಎಲ್ಲರಿಗೂ ನೋಡಲು ಸಿಗುವುದು ತಪ್ಪಲ್ಲ. ಜಮೀನು ಕೊಳ್ಳುವವರು ಮಾಲೀಕರು ಯಾರು, ಸಾಲ ಇದೆಯೇ ಎಂದು ನೋಡಬೇಕಲ್ಲ. ಅದಕ್ಕೆ ಪತ್ರದ ವಿವರ ಬೇಕು, ಮಾರಿದವರ ಹೆಬ್ಬೆಟ್ಟು ಬೇಕಿಲ್ಲ. ಬೇಕಾದವರಿಗೆ ಬೇಕಾದಷ್ಟೇ ತೋರಿಸುವುದು, ಮಿಕ್ಕದ್ದನ್ನು ಮುಚ್ಚುವುದು: ದತ್ತಾಂಶ ಭದ್ರತೆಯ ಮೊದಲ ಪಾಠ ಇಷ್ಟೇ.

ಬಾಗಿಲು ಮುರಿಯಬೇಕಿಲ್ಲ, ಕೀಲಿ ಇದ್ದವರು ಸಾಕು

"ಆಧಾರ್ ಹ್ಯಾಕ್ ಆಗಿದೆ" ಎಂಬ ಫಾರ್ವರ್ಡ್ ಆಗಾಗ ಸುತ್ತುತ್ತದೆ. ಮೇಲಿನ ಯಾವ ಪ್ರಕರಣದಲ್ಲೂ ಆಧಾರ್‌ನ ಕೇಂದ್ರ ದತ್ತಾಂಶ ಕೋಶವನ್ನು ಯಾರೂ ಒಡೆದಿಲ್ಲ. ಒಡೆಯುವ ಅಗತ್ಯವೇ ಬಿದ್ದಿಲ್ಲ. ಪಕ್ಕದ ಬಾಗಿಲು ತೆರೆದಿತ್ತು.

ಇನ್ನೊಂದು ಉದಾಹರಣೆ ಬೆಂಗಳೂರಿನದೇ. 2017ರಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಆಧಾರ್ ವಿವರ ತೋರಿಸುವ ಆ್ಯಪ್ ಮಾಡಿ ಬಂಧನಕ್ಕೊಳಗಾದರು. ಆ ಆ್ಯಪ್‌ಗೆ ಆಧಾರ್ ಪ್ರಾಧಿಕಾರದ ಅನುಮತಿ ಇರಲಿಲ್ಲ. ಅನುಮತಿ ಇದ್ದದ್ದು ಸರ್ಕಾರಿ ಆಸ್ಪತ್ರೆಗಳ ಇ-ಹಾಸ್ಪಿಟಲ್ ವ್ಯವಸ್ಥೆಗೆ. ಆ್ಯಪ್ ಅದರ ಮೂಲಕ ಒಳಹೊಕ್ಕು ಮಾಹಿತಿ ಪಡೆಯುತ್ತಿತ್ತು.

ಅಂದರೆ ಕೇಂದ್ರ ಎಷ್ಟೇ ಭದ್ರವಾಗಿರಲಿ, ಒಳಗೆ ಹೋಗಲು ಅನುಮತಿ ಪಡೆದ ಪ್ರತಿ ಸಂಸ್ಥೆ, ಪ್ರತಿ ಅಂಗಡಿ ಒಂದೊಂದು ಬಾಗಿಲು. ಬ್ಯಾಂಕು, ಟೆಲಿಕಾಂ ಕಂಪನಿ, ಆಸ್ಪತ್ರೆ, ಗ್ರಾಮ ಒನ್ ಕೇಂದ್ರ, ಬ್ಯಾಂಕ್ ಮಿತ್ರ ಎಲ್ಲವೂ ಅದರಲ್ಲಿ ಸೇರಿವೆ. ಯಾರಿಗೆ ಕೀಲಿ ಕೊಟ್ಟಿದ್ದೇವೆ, ಕೆಲಸ ಮುಗಿದ ಮೇಲೆ ವಾಪಸ್ ಪಡೆದೆವೇ ಎಂದು ನೋಡುತ್ತಲೇ ಇರಬೇಕು.

ಇದನ್ನು ಸರಿಯಾಗಿ ಮಾಡಿದ ಉದಾಹರಣೆಯೂ ನಮ್ಮಲ್ಲಿದೆ. 2000ದ ಹೊತ್ತಿಗೆ ಕರ್ನಾಟಕ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಯಾವ ಬದಲಾವಣೆ ಯಾರು ಮಾಡಿದರು ಎಂಬುದು ದಾಖಲಾಗುತ್ತಿತ್ತು. ಅಲ್ಲಿಯೂ ಬೆರಳಚ್ಚೇ ಕೀಲಿ, ಆದರೆ ಬಳಸುತ್ತಿದ್ದದ್ದು ಕಚೇರಿಯೊಳಗಿನ ಯಂತ್ರದಲ್ಲಿ, ಗೊತ್ತಿದ್ದ ಕೆಲವೇ ಜನ. ಊರೂರಿನ ಯಂತ್ರಗಳಲ್ಲಿ ಕೋಟ್ಯಂತರ ಜನರ ಬೆರಳಚ್ಚು ಕೀಲಿಯಾದಾಗ ಅಷ್ಟೇ ಕಾವಲು ಸಾಲದು.

ಈಗ ಏನು ಬದಲಾಗಿದೆ?

ಆಧಾರ್ ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ಹೊಸ ತಪಾಸಣೆ ತಂದಿತು. ಯಂತ್ರದ ಮೇಲಿರುವುದು ಜೀವಂತ ಬೆರಳೋ ನಕಲೋ ಎಂದು ಗೆರೆಗಳ ಜೊತೆ ಬೆರಳಿನ ಚಿತ್ರವನ್ನೂ ಪರೀಕ್ಷಿಸುವ ವಿಧಾನ ಇದು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಎಇಪಿಎಸ್ ಯಂತ್ರ ನಡೆಸುವವರ ಕುರಿತು ನಿರ್ದೇಶನ ಹೊರಡಿಸಿತು. 2026ರ ಜನವರಿ 1ರಿಂದ ಅನ್ವಯವಾಗುವ ಇದರ ಪ್ರಕಾರ, ಯಂತ್ರ ಕೊಡುವ ಮೊದಲು ಬ್ಯಾಂಕು ಆ ವ್ಯಕ್ತಿಯ ಪೂರ್ವಾಪರ ಪರಿಶೀಲಿಸಬೇಕು. ಮೂರು ತಿಂಗಳು ಒಂದೂ ವಹಿವಾಟು ಮಾಡದವರನ್ನು ಮತ್ತೆ ಪರಿಶೀಲಿಸದೆ ಚಾಲೂ ಮಾಡುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ಜನರ ಮಾಹಿತಿ ಇಟ್ಟುಕೊಂಡು ತಕ್ಕ ಭದ್ರತೆ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ.

ನೀವು ಮಾಡಬೇಕಾದದ್ದು

1. ಬಯೋಮೆಟ್ರಿಕ್ ಲಾಕ್ ಮಾಡಿ. ಆಧಾರ್‌ನ ಅಧಿಕೃತ ಆ್ಯಪ್ ಅಥವಾ ಮೈಆಧಾರ್ ಜಾಲತಾಣದಲ್ಲಿ, ನೋಂದಾಯಿತ ಮೊಬೈಲಿಗೆ ಬರುವ ಓಟಿಪಿ ಹಾಕಿ ಲಾಕ್ ಮಾಡಬಹುದು. ಆಮೇಲೆ ನಿಮ್ಮ ಬೆರಳಚ್ಚಿನ ನಕಲು ಯಾರ ಬಳಿ ಇದ್ದರೂ ಅದರಿಂದ ಹಣ ತೆಗೆಯಲು ಆಗುವುದಿಲ್ಲ. ಆದರೆ ನೀವೇ ಬೆರಳಿಟ್ಟರೂ ಯಂತ್ರ ಒಪ್ಪುವುದಿಲ್ಲ. ನ್ಯಾಯಬೆಲೆ ಅಂಗಡಿಗೆ, ಬ್ಯಾಂಕ್ ಮಿತ್ರರ ಬಳಿಗೆ ಹೋಗುವ ದಿನ ತಾತ್ಕಾಲಿಕವಾಗಿ ತೆರೆಯಬೇಕು.

2. ಬೆರಳಚ್ಚಿನಿಂದ ಹಣ ತೆಗೆಯುವ ಅಭ್ಯಾಸವೇ ಇಲ್ಲದಿದ್ದರೆ, ಎಇಪಿಎಸ್ ಸೌಲಭ್ಯ ನಿಲ್ಲಿಸಬಹುದೇ ಎಂದು ನಿಮ್ಮ ಶಾಖೆಯಲ್ಲಿ ವಿಚಾರಿಸಿ.

3. "ಸರ್ವರ್ ಇಲ್ಲ, ಇನ್ನೊಮ್ಮೆ ಬೆರಳಿಡಿ" ಎಂದರೆ ಮೊದಲು ರಸೀದಿ ಕೇಳಿ, ಬ್ಯಾಂಕಿನ ಸಂದೇಶ ನೋಡಿ. ಮೊದಲ ಸಲವೇ ಹಣ ಕಡಿತವಾಗಿರಬಹುದು. ಮೊಬೈಲ್ ಇಲ್ಲದವರು ಪಾಸ್‌ಬುಕ್ ನಮೂದಿಸುತ್ತಿರಲಿ.

4. ಮೈಆಧಾರ್ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣವಾಗಿದೆ ಎಂಬ ಪಟ್ಟಿ ಸಿಗುತ್ತದೆ. ಆಗಾಗ ನೋಡಿ.

ಅಂಗಡಿ, ಕಚೇರಿ ನಡೆಸುವವರು ಮಾಡಬೇಕಾದದ್ದು

ಸೈಬರ್ ಭದ್ರತೆ ದೊಡ್ಡ ಕಂಪನಿಗಳ ತಲೆನೋವು ಎಂದು ಹಲವರು ತಿಳಿದಿದ್ದಾರೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಊರಿನ ಅರ್ಧ ಜನರ ಆಧಾರ್ ಪ್ರತಿ ಇದ್ದರೆ ಆ ತಲೆನೋವು ನಿಮ್ಮದೂ ಹೌದು.

• ಪ್ರತಿ ಕೆಲಸಗಾರರಿಗೂ ಬೇರೆ ಲಾಗಿನ್ ಕೊಡಿ. ಒಂದೇ ಲಾಗಿನ್ ನಾಲ್ವರು ಬಳಸಿದರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ, ಹೊಣೆ ನಿಮ್ಮ ತಲೆಗೇ ಬರುತ್ತದೆ.
• ನಿಮ್ಮ ಹೆಸರಿನ ಎಇಪಿಎಸ್ ಯಂತ್ರ, ಲಾಗಿನ್ ಬೇರೆಯವರಿಗೆ ಬಾಡಿಗೆಗೆ ಕೊಡಬೇಡಿ.
• ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಿ.
• ಬಿಲ್ ಬರೆಯುವವರಿಗೆ ಬಿಲ್ಲಿನಷ್ಟೇ ಪ್ರವೇಶ ಸಾಕು. ಗ್ರಾಹಕರ ಪೂರ್ತಿ ಪಟ್ಟಿ ಬೇಕಿಲ್ಲ.
• ಅರ್ಜಿ ಸಲ್ಲಿಸಿದ ಮೇಲೆ ಕಂಪ್ಯೂಟರ್, ವಾಟ್ಸ್‌ಆ್ಯಪ್, ಪೆನ್‌ಡ್ರೈವ್‌ನಲ್ಲಿ ಉಳಿದ ಪ್ರತಿಗಳನ್ನು ಅಳಿಸಿ. ಕೆಟ್ಟುಹೋದ ಮುದ್ರಣವನ್ನು ಹರಿದು ಹಾಕಿ, ಚುರುಮುರಿ ಕಟ್ಟಲು ಕೊಡಬೇಡಿ.
• ಇಮೇಲ್, ಲೆಕ್ಕದ ತಂತ್ರಾಂಶಕ್ಕೆ ಪಾಸ್‌ವರ್ಡ್ ಜೊತೆ ಇನ್ನೊಂದು ಹಂತದ ತಪಾಸಣೆ ಇರಲಿ. ಒಂದು ಸೋರಿದರೂ ಇನ್ನೊಂದು ತಡೆಯುತ್ತದೆ.

"ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ" ಎಂಬ ಫಾರ್ವರ್ಡ್ ನಿಜವೇ?

ಇದಕ್ಕೊಂದು ಹಿನ್ನೆಲೆ ಇದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇಂಥದ್ದೇ ಪ್ರಕಟಣೆ ಹೊರಡಿಸಿತ್ತು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದೆಂದು ಎರಡೇ ದಿನದಲ್ಲಿ, ಮೇ 29ರಂದು ಅದನ್ನು ಹಿಂಪಡೆಯಲಾಯಿತು. ಹಿಂಪಡೆದ ಸುದ್ದಿಯಿಲ್ಲದೆ ಹಳೆಯ ಪ್ರಕಟಣೆಯಷ್ಟೇ ಬಂದರೆ ಹಂಚಬೇಡಿ.

ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಹಣ ಹೋಗುವುದಿಲ್ಲ, ಬೆರಳಚ್ಚೂ ಬೇಕು. ಆದರೂ ಅನಗತ್ಯವಾಗಿ ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅಧಿಕೃತ ಜಾಲತಾಣದಲ್ಲೇ ಸಿಗುತ್ತದೆ. ಹೆಚ್ಚಿನ ಕಡೆ ಅದು ಸಾಕು.

ಹಣ ಹೋಗಿಯೇ ಬಿಟ್ಟರೆ?

ತಕ್ಷಣ 1930ಕ್ಕೆ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಬ್ಯಾಂಕಿಗೆ ಅದೇ ದಿನ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಕೂಡಲೇ ಬಯೋಮೆಟ್ರಿಕ್ ಲಾಕ್ ಮಾಡಿ. ಇಲ್ಲದಿದ್ದರೆ ಮರುದಿನ ಇನ್ನೊಂದು 10,000 ಹೋಗಬಹುದು.

"ಬೆರಳಚ್ಚು ನಿಮ್ಮದೇ, ನಾವೇನು ಮಾಡೋಣ" ಎಂದು ಶಾಖೆಯಲ್ಲಿ ಹೇಳಿದರೆ ಸುಮ್ಮನೆ ಮನೆಗೆ ಬರಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಎಂದಾದರೆ, ವಹಿವಾಟಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟದ ಹೊರೆ ಇಲ್ಲ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ಹೊರೆಗೆ ಮಿತಿ ಇದೆ. ತಪ್ಪು ಗ್ರಾಹಕರದೆಂದು ಸಾಬೀತು ಮಾಡಬೇಕಾದದ್ದು ಬ್ಯಾಂಕು. ತಡ ಮಾಡಿದಷ್ಟೂ ನಿಮ್ಮ ಪಕ್ಷ ದುರ್ಬಲವಾಗುತ್ತದೆ.

ಒಟ್ಟಾರೆ

ಓಟಿಪಿ ಹೇಳಬೇಡಿ ಎಂಬುದು ಸರಿ, ಆದರೆ ಅದೊಂದೇ ಸಾಲದು. ಬೆರಳಚ್ಚು ಗುರುತೇ ಹೊರತು ಗುಟ್ಟಲ್ಲ. ಅದನ್ನು ಕೀಲಿಯಾಗಿ ಬಳಸುವ ಬ್ಯಾಂಕು, ಕಚೇರಿ, ಅಂಗಡಿ ಎಲ್ಲರಿಗೂ ಕಾಯುವ ಹೊಣೆ ಇದೆ. ನಿಮ್ಮ ಕೈಯಲ್ಲಿರುವುದು ಒಂದು ಬೀಗ.

ಈ ಲೇಖನ ಹಂಚುವುದಾದರೆ ಹಂಚಿ. ಆದರೆ ಫಾರ್ವರ್ಡ್ ಓದಿ ಲಾಕ್ ಮಾಡಿಕೊಳ್ಳಲು ಮನೆಯ ಅಜ್ಜಿಗೆ ಬರುವುದಿಲ್ಲ. ಅವರ ಪಿಂಚಣಿಯೂ ಹೆಬ್ಬೆಟ್ಟಿನ ಮೇಲೆಯೇ ನಿಂತಿದೆ. ಅವರ ಪಕ್ಕ ಹತ್ತು ನಿಮಿಷ ಕೂತು, ಆಧಾರ್‌ಗೆ ಯಾವ ಮೊಬೈಲ್ ಸಂಖ್ಯೆ ಜೋಡಿಸಿದೆ ಎಂದು ನೋಡಿ, ಲಾಕ್ ಮಾಡಿಕೊಡಿ. ದುಡ್ಡು ತೆಗೆಯುವ ದಿನ ತೆರೆದುಕೊಡಲು ಮರೆಯಬೇಡಿ.