ಮದ್ದೂರಿನಲ್ಲಿ ಪಹಣಿ ಗಣಕಕ್ಕೇರಿದ ಬಗೆ

ಕರ್ನಾಟಕದ ಜಮೀನು ದಾಖಲೆಗಳನ್ನು ಕಾಗದದ ಪುಸ್ತಕದಿಂದ ಗಣಕಯಂತ್ರಕ್ಕೆ ಸಾಗಿಸಿದ ‘ಭೂಮಿ’ ಯೋಜನೆಯ ಮೊದಲ ಪ್ರಯೋಗ ನಡೆದದ್ದು 1999–2000ರ ಅವಧಿಯಲ್ಲಿ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು ಕಚೇರಿಯಲ್ಲಿ. ಈ ಯೋಜನೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಯಂತ್ರ, ತಂತ್ರಾಂಶ ಮತ್ತು ಲಂಚದ ನಿವಾರಣೆಯ ಸುತ್ತಲೇ ಸುತ್ತುತ್ತದೆ. ಆದರೆ ಕೆಲಸದ ನಿಜವಾದ ತೊಡಕು ಬೇರೆಡೆ ಇತ್ತು: ಪುಸ್ತಕದಲ್ಲಿರುವುದನ್ನು ಯಂತ್ರಕ್ಕೆ ನಕಲು ಮಾಡುತ್ತಿರುವಾಗಲೂ ಪುಸ್ತಕದೊಳಗೆ ಹೊಸ ಹೆಸರುಗಳು ಸೇರುತ್ತಲೇ ಇರುತ್ತವೆಯಾದ್ದರಿಂದ, ಯಾವ ದಿನದಿಂದ ಯಾವ ಪ್ರತಿ ಅಧಿಕೃತ ಎಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕಿತ್ತು.

ಸಾಗಿಸಬೇಕಾಗಿದ್ದ ದಾಖಲೆಯ ಹೆಸರು ಪಹಣಿ, ಸರ್ಕಾರಿ ಬಳಕೆಯಲ್ಲಿ ಆರ್‌ಟಿಸಿ. ಅಂದರೆ ಒಂದು ಸರ್ವೆ ನಂಬರಿನ ಹಕ್ಕು, ಗೇಣಿ ಮತ್ತು ಬೆಳೆಯ ವಿವರವನ್ನು ಒಂದೆಡೆ ಹಿಡಿದಿಡುವ ಪತ್ರ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬರುವವರೆಗೆ ಊರಿನ ಲೆಕ್ಕ ವಂಶಪಾರಂಪರ್ಯವಾಗಿ ಶ್ಯಾನುಭೋಗರ ಕೈಯಲ್ಲಿತ್ತು. ಆಮೇಲೆ ಅದು ಸರ್ಕಾರ ನೇಮಿಸುವ ಗ್ರಾಮ ಲೆಕ್ಕಿಗರ ಪಾಲಾಯಿತು. 1964ರ ಭೂಕಂದಾಯ ಕಾಯ್ದೆಯೂ 1966ರ ನಿಯಮಗಳೂ ಪಹಣಿಗೆ ಹದಿನಾರು ಅಂಕಣಗಳ ನಮೂನೆಯನ್ನು ಗೊತ್ತುಪಡಿಸಿದವು. 3ನೆಯ ಅಂಕಣದಲ್ಲಿ ಜಮೀನಿನ ವಿಸ್ತೀರ್ಣ, 9ರಲ್ಲಿ ಸ್ವಾಧೀನದಾರರ ಹೆಸರು ಮತ್ತು ಅವರವರ ಪಾಲು, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಸಾಲವೂ ಸೇರಿದಂತೆ ಇತರ ಹಕ್ಕು ಮತ್ತು ಋಣಗಳು ನಮೂದಾಗುತ್ತವೆ.

ಮಂಡ್ಯ ಸೀಮೆಯಲ್ಲಿ ಈ ಅಂಕಣಗಳು ಬೇಗ ಬೇಗ ಬದಲಾಗಲು ನೀರೇ ಕಾರಣ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ, ಮಳೆಯನ್ನೇ ನಂಬಿದ್ದ ಖುಷ್ಕಿ ಜಮೀನು ನೀರಾವರಿಯ ತರಿಯಾಗಿ, ರಾಗಿಯ ಹೊಲ ಕಬ್ಬಿನ ಗದ್ದೆಯಾಗಿ, ಗುಂಟೆ ಗುಂಟೆಗೂ ಬೆಲೆ ಬಂತು. ಅಣ್ಣತಮ್ಮಂದಿರ ವಿಭಾಗ, ಕ್ರಯ, ಪೌತಿ ಖಾತೆ, ಅಂದರೆ ಖಾತೆದಾರ ತೀರಿಕೊಂಡ ನಂತರ ವಾರಸುದಾರರ ಹೆಸರಿಗಾಗುವ ವರ್ಗಾವಣೆ, ಇವೆಲ್ಲ 9ನೆಯ ಅಂಕಣವನ್ನು ಒಂದೇ ಸಮನೆ ತಿದ್ದಿಸುತ್ತಿದ್ದವು. ಒಂದೇ ಊರಿನಲ್ಲಿ ಅದೇ ಹೆಸರಿನವರು ಹಲವರಿರುವುದರಿಂದ ತಂದೆಯ ಹೆಸರನ್ನು ಸೂಚಿಸುವ ‘ಬಿನ್’, ಗಂಡನ ಹೆಸರನ್ನು ಸೂಚಿಸುವ ‘ಕೋಂ’, ಕರೆಯುವ ಹೆಸರನ್ನು ಸೇರಿಸುವ ‘ಉರುಫ್’ ಇಲ್ಲದೆ ಯಾವ ಗದ್ದೆ ಯಾರದೆಂದು ಹೇಳಲಾಗುತ್ತಿರಲಿಲ್ಲ. ಹೀಗಾಗಿ ಬರೆಯುವವನ ಲೇಖನಿ ತಪ್ಪಿದರೆ ಒಂದು ಮನೆತನದ ಹಕ್ಕೇ ತಪ್ಪಿಹೋಗುವ ಸಂಭವವಿತ್ತು.

ಗಣಕೀಕರಣದ ಯತ್ನ ಭೂಮಿಯಿಂದಲೇ ಆರಂಭವಾದದ್ದಲ್ಲ. ಕೇಂದ್ರ ಸರ್ಕಾರ 1988–89ರಲ್ಲಿ ದೇಶದ ಎಂಟು ಜಿಲ್ಲೆಗಳಲ್ಲಿ ಭೂದಾಖಲೆಗಳ ಗಣಕೀಕರಣ ಯೋಜನೆಯನ್ನು ಕೈಗೆತ್ತಿಕೊಂಡಿತು. ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗಾ ಜಿಲ್ಲೆ ಪ್ರಯೋಗಕ್ಕೆ ಒಳಪಟ್ಟು, 1996ರ ವೇಳೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೆ ಪಹಣಿ ದಿನವೂ ಬದಲಾಗುವುದು ತಾಲ್ಲೂಕು ಮಟ್ಟದಲ್ಲಿ, ಮತ್ತು ಅಲ್ಲಿ ಯಂತ್ರವನ್ನಿಡುವ ಸ್ಪಷ್ಟ ಏರ್ಪಾಡು ಆ ಯೋಜನೆಯಲ್ಲಿ ಇರಲಿಲ್ಲ. ನಕಲು ಒಂದೆಡೆ ನಿಂತಿತು, ಮೂಲ ಇನ್ನೊಂದೆಡೆ ಮುಂದುವರಿಯಿತು. ನಮೂದಿಸಿದ ಮಾಹಿತಿ ಹಳಸಿಹೋಯಿತು. ಜಾಲತಾಣ ಕಟ್ಟುವವರಿಗೆ ಈ ತೊಡಕು ಚಿರಪರಿಚಿತ. ಅವರು ತಮ್ಮ ಯಂತ್ರದಲ್ಲಿ ಸಿದ್ಧಪಡಿಸಿಕೊಂಡ ಡೇಟಾಬೇಸನ್ನು, ಅಂದರೆ ಕೋಷ್ಟಕಗಳಲ್ಲಿ ಜೋಡಿಸಿಟ್ಟ ಮಾಹಿತಿಯನ್ನು, ಜನ ಬಳಸುತ್ತಿರುವ ಸರ್ವರ್‌ಗೆ ಸಾಗಿಸುವ ಹೊತ್ತಿಗೆ ಅಲ್ಲಿ ಹೊಸ ಬರಹಗಳು ಸೇರಿಕೊಂಡಿರುತ್ತವೆ. ಅವುಗಳ ಮೇಲೆ ಹಳೆಯ ಪ್ರತಿಯನ್ನು ಹೇರಿದರೆ ಹೊಸದೆಲ್ಲ ಅಳಿಸಿಹೋಗುತ್ತದೆ.

ಮದ್ದೂರಿನ ಪ್ರಯೋಗ ಈ ಗಂಟನ್ನು ಬಿಡಿಸಿದ್ದು ತಾಂತ್ರಿಕ ಜಾಣತನಕ್ಕಿಂತ ಹೆಚ್ಚಾಗಿ ಆಡಳಿತದ ಕಟ್ಟುನಿಟ್ಟಿನಿಂದ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರು ಯೋಜನೆಯ ಹೊಣೆ ಹೊತ್ತಿದ್ದರು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ರೂಪಿಸಿತ್ತು. ಖಾಸಗಿ ನಮೂದುದಾರರು ಪಹಣಿಗಳನ್ನು ಟೈಪು ಮಾಡಿದ ಮೇಲೆ ಅವುಗಳ ತಾಳೆಪಟ್ಟಿ ಮುದ್ರಣವಾಗಿ, ಗ್ರಾಮ ಲೆಕ್ಕಿಗರೂ ಮೇಲಿನ ಅಧಿಕಾರಿಗಳೂ ಅದನ್ನು ಕೈಬರಹದ ಪುಸ್ತಕದೊಂದಿಗೆ ಹೋಲಿಸಿ ಸಹಿ ಹಾಕಬೇಕಿತ್ತು. ಯಂತ್ರದಲ್ಲಿರುವ ಮಾಹಿತಿಗೆ ಹೊಣೆ ಯಾರದೆಂಬುದು ಈ ಸಹಿಯಿಂದ ಖಚಿತವಾಯಿತು. ನಮೂದಿಗೂ ಚಾಲನೆಗೂ ನಡುವೆ ಆದ ಖಾತೆ ಬದಲಾವಣೆಗಳನ್ನೂ ಸೇರಿಸಿ ಮುಗಿಸಿದ ನಂತರ, ಆ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸರ್ಕಾರ ಅಧಿಸೂಚನೆ ಹೊರಡಿಸುತ್ತಿತ್ತು. ಯೋಜನೆಯ ಜೀವಾಳ ಈ ಅಧಿಸೂಚನೆಯೇ. ಎರಡು ಪುಸ್ತಕಗಳು ಸ್ವಲ್ಪ ಕಾಲವಾದರೂ ಜೊತೆಯಾಗಿ ಮಾನ್ಯವಾಗಿದ್ದಿದ್ದರೆ ಗುಲ್ಬರ್ಗಾದ ಅನುಭವವೇ ಮರುಕಳಿಸುತ್ತಿತ್ತು.

ಪುಸ್ತಕ ಮುಚ್ಚಿದ ಮೇಲೆ ತಿದ್ದುಪಡಿಯ ದಾರಿ ಒಂದೇ ಉಳಿಯಿತು. ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗುವಂತೆ ತಂತ್ರಾಂಶವೇ ತಡೆ ಹಾಕಿತು; ತಕರಾರಿಗಾಗಿ ಕಾಯ್ದೆ ಆಗ ಕೊಡುತ್ತಿದ್ದ ಮೂವತ್ತು ದಿನ ಮುಗಿಯುವ ಮುನ್ನ ಬದಲಾವಣೆ ಸಾಧ್ಯವಿರಲಿಲ್ಲ; ಅನುಮೋದಿಸುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು. ಮದ್ದೂರಿನ ಬೆನ್ನಿಗೆ ಇನ್ನು ಕೆಲವು ತಾಲ್ಲೂಕುಗಳು, ಅನಂತರ ಮಂಡ್ಯ, ಮಳವಳ್ಳಿಗಳೂ ಸೇರಿದಂತೆ ರಾಜ್ಯದ ಆಗಿನ ಎಲ್ಲ ತಾಲ್ಲೂಕುಗಳು ಇದೇ ಕ್ರಮದಲ್ಲಿ ಯೋಜನೆಯೊಳಗೆ ಬಂದವು. ಸುಮಾರು 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿಯಷ್ಟು ದಾಖಲೆಗಳು ಯಂತ್ರಕ್ಕೇರಿ, 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ಕೈಗೆ ಸಿಗತೊಡಗಿತು. ಮೊದಮೊದಲು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿದ್ದ ಮಾಹಿತಿ ಮುಂದೆ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗಿ, ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದೊಂದಿಗೆ ಬೆಸೆದುಕೊಂಡಿತು.

ದಾಖಲೆ ಬೆಂಗಳೂರಿಗೆ ಹೋದಷ್ಟೂ ಸ್ಥಳದ ತಿಳಿವಳಿಕೆಯ ಬೆಲೆ ಇಳಿದು ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತೆಂದು ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಅವರ ಅಧ್ಯಯನದ ಕಣ್ಣು ಮುಖ್ಯವಾಗಿ ಬೆಂಗಳೂರಿನ ಮೇಲಿತ್ತು. ಮಂಡ್ಯ ಸೀಮೆಯ ರೈತನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ತಾಳೆ ನೋಡಿದವರು ಯಂತ್ರದ ಪ್ರತಿಯನ್ನು ಪುಸ್ತಕಕ್ಕೆ ಹೋಲಿಸಿದರೇ ಹೊರತು ಪುಸ್ತಕವನ್ನು ನೆಲಕ್ಕೆ ಹೋಲಿಸಲಿಲ್ಲ. ಹಳೆಯ ತಪ್ಪುಗಳು ಸಹಿಯೊಂದಿಗೇ ಒಳಹೊಕ್ಕವು. ಉದಾಹರಣೆಗೆ, ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಎಕರೆ-ಗುಂಟೆಯ ಲೆಕ್ಕದಲ್ಲಿ 2-15 ಮತ್ತು 1-30 ಸೇರಿದರೆ 4-05 ಆಗಬೇಕು. 3ನೆಯ ಅಂಕಣದಲ್ಲಿ ನಾಲ್ಕೇ ಎಕರೆ ಇದ್ದು 9ರಲ್ಲಿ ಪಾಲುದಾರರ ಮೊತ್ತ ಐದು ಗುಂಟೆ ಹೆಚ್ಚಿದ್ದರೆ, ಕೈಬರಹದ ಕಾಲದಲ್ಲಿ ಯಾರ ಗಮನಕ್ಕೂ ಬಾರದೆ ಉಳಿಯಬಹುದಾಗಿದ್ದ ಆ ವ್ಯತ್ಯಾಸ ಈಗ ಕ್ರಯಕ್ಕೂ ಸಾಲಕ್ಕೂ ಅಡ್ಡಬರುತ್ತದೆ. ನಮೂದಿನ ದೋಷ ಮೀರಿದ ಹಕ್ಕಿನ ತಕರಾರು ಬಂದಾಗ ಭೂಕಂದಾಯ ಕಾಯ್ದೆಯ 136ನೆಯ ಕಲಮಿನಡಿ ಮೇಲ್ಮನವಿ ಸಲ್ಲಿಸಬೇಕಾದದ್ದು ಉಪವಿಭಾಗಾಧಿಕಾರಿಗೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳಿಗೆ ಆ ಕಚೇರಿ ಇರುವುದು ಮಂಡ್ಯದಲ್ಲಿ.